ಚೋಟುದ್ದದ ದೂರ

ಮೊದಲ ಮ್ಯಾಕ್ರೋ ಲೆನ್ಸ್ ಕೊಳ್ಳಲು ಹೊರಟವರು ಅಂಗಡಿಯ ಗಾಜಿನ ಕಪಾಟಿನ ಮುಂದೆ ನಿಂತು ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ: ಯಾವುದು ಹೆಚ್ಚು ಶಾರ್ಪ್? ಅಂಗಡಿಯವರಿಗೂ ಆ ಪ್ರಶ್ನೆ ಇಷ್ಟ, ಅದಕ್ಕೆ ಬೆಲೆಪಟ್ಟಿಯಲ್ಲೇ ಉತ್ತರ ಸಿಗುತ್ತದೆ. ಆದರೆ ಈ ಜಾತಿಯ ಲೆನ್ಸುಗಳಲ್ಲಿ ಮೊಂಡಾದದ್ದನ್ನು ಹುಡುಕಿ ತೆಗೆಯುವುದೇ ಕಷ್ಟ. ಮ್ಯಾಕ್ರೋ ಲೆನ್ಸಿನ ವಿನ್ಯಾಸವೇ ಚೌಕಟ್ಟಿನ ನಡುವಿನಿಂದ ಮೂಲೆಯವರೆಗೆ ಸಪಾಟಾದ, ಸ್ಪಷ್ಟವಾದ ಬಿಂಬ ಕೊಡಲೆಂದು ಆದದ್ದು. ಟ್ಯಾಮ್ರಾನ್ ತನ್ನ 90 ಮಿ.ಮೀ. ಮ್ಯಾಕ್ರೋವನ್ನು ಮೊದಲು ತಂದದ್ದು 1979ರಲ್ಲಿ. ಅದರ ನಂತರದ ಪೀಳಿಗೆಗಳಲ್ಲಿ ಯಾವುದನ್ನು ಹಿಡಿದರೂ ಇರುವೆಯ ಮೀಸೆ ಎಣಿಸುವಷ್ಟು ಸ್ಪಷ್ಟತೆ ಇದ್ದೇ ಇದೆ. ಹುಳು ಚೌಕಟ್ಟು ತುಂಬಿದಾಗ ಲೆನ್ಸಿನ ಮೂತಿ ಅದರಿಂದ ಎಷ್ಟು ದೂರದಲ್ಲಿರುತ್ತದೆ, ಆ ಸಂದಿಯೊಳಗೆ ಬೆಳಕು ಹೇಗೆ ನುಗ್ಗುತ್ತದೆ ಎಂದು ಕೇಳುವವರು ಕಡಿಮೆ. ನನ್ನ ಮಟ್ಟಿಗೆ ಆಯ್ಕೆ ನಿಂತಿರುವುದು ಈ ಎರಡರ ಮೇಲೆಯೇ.

ಇದನ್ನು ಪರೀಕ್ಷಿಸಲು ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರದ ಸೀಮೆ ಒಳ್ಳೆಯ ಜಾಗ. ಸಹ್ಯಾದ್ರಿಯ ನೆತ್ತಿಯ ಮೇಲಿರುವ ಇಗತಪುರಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ಆಸುಪಾಸು ಮಳೆ, ಪೂರ್ವಕ್ಕೆ ಸಂಭಾಜಿನಗರ ಮುಟ್ಟುವ ಹೊತ್ತಿಗೆ ಅದು 700ಕ್ಕೆ ಇಳಿಯುತ್ತದೆ. ನಡುವೆ ದ್ರಾಕ್ಷಿ, ಹತ್ತಿ, ಮೋಸಂಬಿ, ಕುರುಚಲು ಕಾಡು, ಕರಿಬಂಡೆ. ಒಂದೊಂದು ನೆಲವೂ ಒಂದೊಂದು ಗಾತ್ರದ ಹುಳುವನ್ನು ಮುಂದಿಡುತ್ತದೆ, ಒಂದೊಂದು ಲೆನ್ಸಿನ ಬಣ್ಣ ಬಯಲು ಮಾಡುತ್ತದೆ.

ದ್ರಾಕ್ಷಿಯಿಂದ ಶುರು ಮಾಡೋಣ. ನಾಸಿಕ್ ಕಡೆ ಅಕ್ಟೋಬರ್ ಛಾಟಣಿ, ಅಂದರೆ ಬಳ್ಳಿ ಸವರುವ ಕೆಲಸ, ಮುಗಿದು ಹೊಸ ಮೊಗ್ಗು ಒಡೆಯುವ ಹೊತ್ತಿಗೆ ಒಂದು ಪುಟ್ಟ ಜೀರುಂಡೆ ಬರುತ್ತದೆ. ವಿಜ್ಞಾನದ ಹೆಸರು ಸ್ಕೆಲೊಡಾಂಟಾ ಸ್ಟ್ರಿಗಿಕಾಲಿಸ್, ಉದ್ದ ನಾಲ್ಕೂವರೆ ಮಿ.ಮೀ. ಇದ್ದೀತು, ಮೈಯೆಲ್ಲ ಕಂಚಿನ ಹೊಳಪು. ಚಿಗುರನ್ನೇ ತಿನ್ನುವುದರಿಂದ ಬೆಳೆಗಾರರ ಪಾಲಿಗೆ ಶತ್ರು, ಛಾಯಾಗ್ರಾಹಕರ ಪಾಲಿಗೆ ಆಭರಣ. ಬಳ್ಳಿ ಅಲುಗಿದರೆ ಸಾಕು, ಕಾಲು ಮಡಚಿಕೊಂಡು ಸತ್ತಂತೆ ಕೆಳಗೆ ಬಿದ್ದುಬಿಡುತ್ತದೆ. ಮತ್ತೆ ಮಣ್ಣಿನಲ್ಲಿ ಹುಡುಕುವುದು ಆಗದ ಮಾತು. ಇಲ್ಲಿ ಲೆನ್ಸಿನ ಮೂತಿ ಎಲೆಗೆ ತಾಗಿತೋ, ಕತೆ ಮುಗಿಯಿತು.

ಕಂಪನಿಗಳ ಹಾಳೆಯಲ್ಲಿ ಅಚ್ಚಾಗುವ 'ಕನಿಷ್ಠ ಫೋಕಸ್ ದೂರ' ಇಲ್ಲಿ ಹೊಸಬರನ್ನು ಯಾಮಾರಿಸುತ್ತದೆ. ಆ ದೂರವನ್ನು ಅಳೆಯುವುದು ಕ್ಯಾಮೆರಾದೊಳಗಿನ ಸೆನ್ಸರಿನಿಂದ. ನಿಕಾನಿನ ಡಿಎಕ್ಸ್ 40 ಮಿ.ಮೀ. ಮೈಕ್ರೋ ಲೆನ್ಸಿಗೆ 16.3 ಸೆಂ.ಮೀ. ಎಂದು ಬರೆದಿರುತ್ತದೆ. ಅದರಲ್ಲಿ ಕ್ಯಾಮೆರಾದ ದಪ್ಪ, ಲೆನ್ಸಿನ ಉದ್ದ ಕಳೆಯಿರಿ. ಮೂತಿಗೂ ಹುಳುವಿಗೂ ನಡುವೆ ಉಳಿಯುವುದು ಮೂರೂವರೆ ಸೆಂ.ಮೀ. ಅಷ್ಟು ಹತ್ತಿರ ಹೋದಾಗ ಲೆನ್ಸೇ ಹುಳುವಿನ ಮೇಲೆ ನೆರಳು ಕವುಚುತ್ತದೆ, ನಿಮ್ಮ ಉಸಿರೂ ಅದಕ್ಕೆ ತಾಗುತ್ತದೆ. ಕ್ಯಾನನ್ 2017ರಲ್ಲಿ ತಂದ 35 ಮಿ.ಮೀ. ಮ್ಯಾಕ್ರೋದ ಮೂತಿಯ ಸುತ್ತ ಎಲ್‌ಇಡಿ ದೀಪ ಕೂರಿಸಿಕೊಟ್ಟದ್ದನ್ನು ಹಲವರು ಸೌಲಭ್ಯವೆಂದು ಹೊಗಳಿದರು. ನನಗೆ ಅದು ತಪ್ಪೊಪ್ಪಿಗೆಯಂತೆ ಕಾಣುತ್ತದೆ: ಈ ದೂರದಲ್ಲಿ ಹೊರಗಿನ ಬೆಳಕು ಒಳಗೆ ಬರಲಾರದು ಎಂದು ಕಂಪನಿಯೇ ಒಪ್ಪಿಕೊಂಡ ಹಾಗೆ. ಹೂವು, ನಾಣ್ಯ, ಉಂಗುರಕ್ಕೆ ಇವು ಅಗ್ಗದ, ಒಳ್ಳೆಯ ಲೆನ್ಸುಗಳೇ. ಕೀಟದ ಮೊದಲ ಲೆನ್ಸಾಗಿ ಮಾತ್ರ ನಾನು ಯಾರಿಗೂ ಹೇಳುವುದಿಲ್ಲ.

ಹಾಗಾದರೆ ದೂರ ಹೆಚ್ಚಾದಷ್ಟೂ ಒಳ್ಳೆಯದೇ? 150, 180 ಮಿ.ಮೀ. ಮ್ಯಾಕ್ರೋಗಳಿವೆ, ಕ್ಯಾನನ್ನಿನ 180ರಲ್ಲಿ ಜೀವಗಾತ್ರದ, ಅಂದರೆ ಸೆನ್ಸರಿನ ಮೇಲೆ ಹುಳುವಿನಷ್ಟೇ ದೊಡ್ಡ ಬಿಂಬ ಬೀಳುವ 1:1 ಪ್ರಮಾಣದ, ಚಿತ್ರ ತೆಗೆಯುವಾಗಲೂ ಹುಳು ಒಂದು ಗೇಣು ಆಚೆಗಿರುತ್ತದೆ. ಕೇಳಲು ಸೊಗಸು. ಆದರೆ ಹುಳುವಿನಿಂದ ನೀವು ದೂರವಾದಂತೆ ನಿಮ್ಮ ಫ್ಲ್ಯಾಶೂ ದೂರವಾಗುತ್ತದೆ. ಹತ್ತಿರದಲ್ಲಿ ಬೆಳಕನ್ನು ಮೃದುಗೊಳಿಸುವ ಅಂಗೈಯಗಲದ ಡಿಫ್ಯೂಸರ್ ಹುಳುವಿನ ಪಾಲಿಗೆ ಇಡೀ ಆಕಾಶ. ದೂರ ಸರಿದರೆ ಅದೇ ಒಂದು ಚುಕ್ಕೆ. ಚುಕ್ಕೆಯಂಥ ಬೆಳಕು ಬಿದ್ದರೆ ಕಂಚಿನ ಜೀರುಂಡೆಯ ಬೆನ್ನ ಮೇಲೆ ಒಂದು ಬಿಳಿ ಕಲೆ, ಸುತ್ತ ಕತ್ತಲೆ. ಮೇಲೆ ತೂಕ ಬೇರೆ. ಈ ಎರಡು ತುದಿಗಳ ನಡುವೆ 90ರಿಂದ 105 ಮಿ.ಮೀ. ಲೆನ್ಸುಗಳಿವೆ, ಮೂತಿಯಿಂದ ಹುಳುವಿಗೆ ಹತ್ತರಿಂದ ಹದಿನೈದು ಸೆಂ.ಮೀ., ಹೆಬ್ಬೆರಳು ತೋರುಬೆರಳು ಚಾಚಿದಷ್ಟು, ಒಂದು ಚೋಟು. ಹುಳು ಬೆದರದಷ್ಟು ದೂರ, ಬೆಳಕು ಮೃದುವಾಗಿ ಉಳಿಯುವಷ್ಟು ಹತ್ತಿರ. 100 ಮಿ.ಮೀ. ಲೆನ್ಸನ್ನು ಎಲ್ಲರೂ ಶಿಫಾರಸು ಮಾಡುತ್ತಾರೆ, ಕಾರಣವನ್ನು ಮಾತ್ರ ಸ್ಪಷ್ಟತೆಯ ಪಟ್ಟಿಗಳಲ್ಲಿ ಹುಡುಕುತ್ತಾರೆ. ಕಾರಣ ಇರುವುದು ಈ ಚೋಟಿನಲ್ಲಿ.

ಆದರೆ ಎಲ್ಲ ಕೀಟಕ್ಕೂ ಜೀವಗಾತ್ರ ಬೇಕೆಂಬ ನಂಬಿಕೆಯನ್ನು ಮೋಸಂಬಿ ತೋಟ ಅಳಿಸಿಹಾಕುತ್ತದೆ. ಜಾಲನಾ–ಸಂಭಾಜಿನಗರ ಸೀಮೆಯ ತೋಟಗಳಲ್ಲಿ ನಿಂಬೆ ಚಿಟ್ಟೆ ಮನೆಮಂದಿಯಂತೆ ಓಡಾಡಿಕೊಂಡಿರುತ್ತದೆ. ನಮ್ಮಲ್ಲಿ ಹಿತ್ತಲಿನ ಕರಿಬೇವಿಗೂ ಬರುವ ಅದೇ ಚಿಟ್ಟೆ. ರೆಕ್ಕೆ ಬಿಚ್ಚಿದರೆ ಎಂಟರಿಂದ ಹತ್ತು ಸೆಂ.ಮೀ. ಫುಲ್‌ಫ್ರೇಮ್ ಸೆನ್ಸರಿನ ಅಗಲ 3.6 ಸೆಂ.ಮೀ., ಎಪಿಎಸ್-ಸಿಯದು ಸುಮಾರು 2.3. ಅಂದರೆ ಇಡೀ ಚಿಟ್ಟೆ ಚೌಕಟ್ಟಿನೊಳಗೆ ಕೂರಬೇಕಾದರೆ 1:3 ಅಥವಾ 1:4 ಪ್ರಮಾಣ ಸಾಕು. ಮಹಾರಾಷ್ಟ್ರ 2015ರಲ್ಲಿ ರಾಜ್ಯಚಿಟ್ಟೆಯೆಂದು ಆರಿಸಿದ ಬ್ಲೂ ಮಾರ್ಮನ್ ಇನ್ನೂ ದೊಡ್ಡದು, ಅದಕ್ಕೆ ಅಷ್ಟೂ ಬೇಡ. ಅದೇ ಮೋಸಂಬಿ ಎಲೆಯ ಮೇಲೆ ನಿಂಬೆ ಚಿಟ್ಟೆಯ ಮೊಟ್ಟೆ ಇರುತ್ತದೆ, ಒಂದು ಮಿ.ಮೀ. ಚಿಲ್ಲರೆ, ಹಕ್ಕಿಯ ಹಿಕ್ಕೆಯಂತೆ ವೇಷ ಹಾಕಿದ ಮರಿ ಕಂಬಳಿಹುಳು ಇರುತ್ತದೆ, ಕೆಲವೇ ಮಿ.ಮೀ. ಮ್ಯಾಕ್ರೋ ಎಂಬ ಹೆಸರಿಗೆ ಕೆಲಸ ಸಿಗುವುದು ಅಲ್ಲಿ. ಬೆಳೆದ ಹಸಿರು ಹುಳು ದೂರದ ಅಳತೆಯನ್ನೂ ತಾನೇ ಹೇಳಿಕೊಡುತ್ತದೆ: ನೀವು ಮಿತಿಮೀರಿ ಹತ್ತಿರ ಬಂದಿರಿ ಎನಿಸಿದರೆ ತಲೆಯ ಹಿಂದಿನಿಂದ ಕವಲುಕೊಂಬು ಚಾಚಿ ಘಾಟು ಬಿಡುತ್ತದೆ. ಕೊಂಬು ಕಂಡ ಚಿತ್ರವನ್ನು 'ಅಪರೂಪದ ಕ್ಷಣ' ಎಂದು ಸ್ಪರ್ಧೆಗೆ ಕಳಿಸುವವರುಂಟು. ಅದು ಹುಳು ಕೊಟ್ಟ ದೂರು, ಅಷ್ಟೇ.

ಚಿಟ್ಟೆ, ಏರೋಪ್ಲೇನ್ ಚಿಟ್ಟೆಗಳೇ ನಿಮ್ಮ ಆಸೆಯಾದರೆ ಮ್ಯಾಕ್ರೋ ಕೊಳ್ಳುವ ಮೊದಲು ಚೀಲದಲ್ಲಿರುವ ಟೆಲಿಯನ್ನು ಒಮ್ಮೆ ನೋಡಿ. ನಿಫಾಡ್ ತಾಲ್ಲೂಕಿನ ನಂದೂರ್ ಮಧ್ಯಮೇಶ್ವರ ಜೌಗುನೆಲ ಮಹಾರಾಷ್ಟ್ರದ ಮೊದಲ ರಾಮ್ಸಾರ್ ತಾಣವೆಂದು ಘೋಷಣೆಯಾದದ್ದು 2020ರಲ್ಲಿ. ಅಲ್ಲಿಗೆ ಹಕ್ಕಿಗಾಗಿ ಉದ್ದನೆಯ ಲೆನ್ಸ್ ಹೊತ್ತು ಬರುವವರು ಬದುವಿನ ಹುಲ್ಲಿನ ತುಂಬ ಕೂತ ಏರೋಪ್ಲೇನ್ ಚಿಟ್ಟೆಗಳನ್ನು ದಾಟಿಕೊಂಡೇ ಹೋಗುತ್ತಾರೆ. ಕ್ಯಾನನ್ನಿನ ಆರ್‌ಎಫ್ 100–400 ತನ್ನ ಹತ್ತಿರದ ಫೋಕಸಿನಲ್ಲಿ 0.41 ಪಟ್ಟು ಕೊಡುತ್ತದೆ. ಐದು ಸೆಂ.ಮೀ. ಉದ್ದದ ಕೀಟಕ್ಕೆ ಅದು ಧಾರಾಳವಾಯಿತು.

ಹೆಜ್ಜೇನಿಗಂತೂ ಟೆಲಿಯೇ ಸರಿ. ಅಜಂತಾದ ಗುಹೆಗಳ ಬಳಿ ಹೆಜ್ಜೇನು ಎದ್ದು ಪ್ರವಾಸಿಗರನ್ನು ಅಟ್ಟಾಡಿಸಿದ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಚೋಟುದ್ದದ ಉಪದೇಶ ಅಲ್ಲಿಗೆ ಅನ್ವಯಿಸುವುದಿಲ್ಲ.

ಎಲ್ಲೋರದಲ್ಲಿ ಸಮಸ್ಯೆ ಬೇರೆ ಬಗೆಯದು. ರಾಷ್ಟ್ರಕೂಟ ಒಂದನೇ ಕೃಷ್ಣನ ಕೈಲಾಸನಾಥ ನೋಡಲು ಹೋದ ಕನ್ನಡಿಗರು ಕತ್ತು ಎತ್ತಿದವರು ಇಳಿಸುವುದಿಲ್ಲ. ಇಳಿಸಿದರೆ ಕಣ್ಣೆತ್ತರದ ಕಲ್ಲಿನ ಮೇಲೆ ಗ್ರಾನೈಟ್ ಘೋಸ್ಟ್ ಎಂಬ ಏರೋಪ್ಲೇನ್ ಚಿಟ್ಟೆಯನ್ನು ಹುಡುಕಬಹುದು. ಕಲ್ಲಿನ ಬಣ್ಣದ್ದೇ ಮೈ, ಬಂಡೆಗೋ ಗೋಡೆಗೋ ಅಂಟಿ ಕೂರುವ ಸ್ವಭಾವ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಅನುಮತಿಯಿಲ್ಲದೆ ಟ್ರೈಪಾಡ್ ನೆಡುವಂತಿಲ್ಲ. ಚಿತ್ರಗಳಿರುವ ಗುಹೆಗಳಲ್ಲಿ ಫ್ಲ್ಯಾಶ್ ಹೊಡೆಯುವಂತಿಲ್ಲ. ಹಾಗಾಗಿ 'ಮ್ಯಾಕ್ರೋ ಎಂದರೆ ಟ್ರೈಪಾಡ್' ಎನ್ನುವ ಪಠ್ಯಪುಸ್ತಕದ ಮಾತು ಇಲ್ಲಿ ನಡೆಯದು. ಕೈಯಲ್ಲೇ ಹಿಡಿದು ತೆಗೆಯಬೇಕು. ಕೈಯಲ್ಲಿ ಹಿಡಿದರೆ ಅಲುಗಾಟ ತಡೆಯುವ ಸ್ಟೆಬಿಲೈಸರ್ ಬೇಕು ಎಂದು ಮಾರಾಟಗಾರರ ವಾದ ತಕ್ಷಣ ಹಿಂಬಾಲಿಸುತ್ತದೆ.

ಆ ವಾದವನ್ನು ಸ್ವಲ್ಪ ನಿಧಾನಕ್ಕೆ ನೋಡಬೇಕು, ಅದರ ಬೆಲೆ ಸಣ್ಣದಲ್ಲ. ನಿಕಾನ್ 2006ರಲ್ಲಿ 105 ಮಿ.ಮೀ. ಮೈಕ್ರೋಗೆ ಸ್ಟೆಬಿಲೈಸರ್ ಹಾಕಿತು. ಕ್ಯಾನನ್ 2009ರಲ್ಲಿ ತನ್ನ 100 ಮಿ.ಮೀ. ಎಲ್ ಮ್ಯಾಕ್ರೋದಲ್ಲಿ ಹೈಬ್ರಿಡ್ ಎಂಬ ಸುಧಾರಿತ ವಿಧಾನ ತಂದಿತು. ಆ ಲೆನ್ಸಿನ ಬಗ್ಗೆ ಕ್ಯಾನನ್ನಿನ ಸ್ವಂತ ಹೇಳಿಕೆಯಂತೆಯೇ ದೂರದ ವಸ್ತುವಿಗೆ ನಾಲ್ಕು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕಿನ ಒಂದು ಇಮ್ಮಡಿ) ಸಿಗುವ ಲಾಭ ಜೀವಗಾತ್ರದಲ್ಲಿ ಎರಡಕ್ಕೆ ಇಳಿಯುತ್ತದೆ. ಅದೂ ನಿಮ್ಮ ಕೈಯ ಅಲುಗಾಟಕ್ಕೆ ಮಾತ್ರ. ಗಾಳಿಗೆ ತೂಗುವ ಹುಲ್ಲುಕಡ್ಡಿಗೆ, ಮುಂದಕ್ಕೆ ಹಿಂದಕ್ಕೆ ವಾಲುವ ನಿಮ್ಮ ದೇಹಕ್ಕೆ ಅದರಲ್ಲಿ ಮದ್ದಿಲ್ಲ. ಜೀವಗಾತ್ರದಲ್ಲಿ ಎಫ್/11 ಇಟ್ಟರೂ ಫೋಕಸಿನಲ್ಲಿ ಉಳಿಯುವ ಆಳ ಫುಲ್‌ಫ್ರೇಮಿನಲ್ಲಿ ಸುಮಾರು 1.3 ಮಿ.ಮೀ. ಮಾತ್ರ. ದ್ರಾಕ್ಷಿಯ ಜೀರುಂಡೆಯ ಕಣ್ಣು ಸ್ಪಷ್ಟವಾದರೆ ಹಿಂತುದಿ ಮಂಜು. ಚಿತ್ರ ಕೆಡುವುದು ಬಹುಪಾಲು ಈ ವಾಲಾಟದಿಂದಲೇ.

ಇನ್ನೊಂದು ಲೆಕ್ಕ ಬೆಳಕಿನದು. ಜೀವಗಾತ್ರದಲ್ಲಿ ಎಫ್/11 ಎಂದರೆ ಸೆನ್ಸರಿಗೆ ತಲುಪುವ ಬೆಳಕಿನ ದೃಷ್ಟಿಯಿಂದ ಅದು ಎಫ್/22. ಎರಡು ಸ್ಟಾಪ್ ಅಲ್ಲೇ ಸೋರಿಹೋಯಿತು. ಎಫ್/16 ಇಟ್ಟರೆ ಎಫ್/32. ಆಳ ಸಿಗುತ್ತದೆ, ಆದರೆ ಕಿರಿದಾದ ಕಿಂಡಿಯಲ್ಲಿ ಬೆಳಕು ಚದುರಿ ಚಿತ್ರವೇ ಮೆದುವಾಗುತ್ತದೆ. ಕಪಾಟಿನ ಮುಂದೆ ವಿಚಾರಿಸಿದ ಸ್ಪಷ್ಟತೆಯೆಲ್ಲ ಈ ಕಿಂಡಿಯಲ್ಲಿ ಕಳೆದುಹೋಗುತ್ತದೆ. ಇಷ್ಟು ಕಡಿಮೆ ಬೆಳಕಿನಲ್ಲಿ ಕೈಯಲ್ಲಿ ಹಿಡಿದು ತೆಗೆಯಲು ಫ್ಲ್ಯಾಶ್ ಬಿಟ್ಟರೆ ಗತಿಯಿಲ್ಲ. ಸಾಧಾರಣ ಮ್ಯಾನ್ಯುಯಲ್ ಫ್ಲ್ಯಾಶನ್ನು 1/32 ಶಕ್ತಿಯಲ್ಲಿ ಇಟ್ಟರೆ ಅದರ ಮಿಂಚು ಸೆಕೆಂಡಿನ ಹತ್ತು ಸಾವಿರದಲ್ಲೊಂದು ಪಾಲಿನ ಆಸುಪಾಸಿನಲ್ಲಿ ಮುಗಿದುಹೋಗುತ್ತದೆ. ಆ ಕ್ಷಣದಲ್ಲಿ ಕೈಯೂ ನಿಂತಿದೆ, ಹುಲ್ಲೂ ನಿಂತಿದೆ. ಸ್ಟೆಬಿಲೈಸರಿಗೆ ಕೊಟ್ಟ ಹಣ ಆಗ ಮಾಡುವುದು ಒಂದೇ ಕೆಲಸ: ವ್ಯೂಫೈಂಡರಿನಲ್ಲಿ ಕಾಣುವ ನೋಟ ಸ್ವಲ್ಪ ಶಾಂತವಾಗಿರುತ್ತದೆ. ಅದನ್ನು ಸುಖವೆನ್ನಬಹುದು, ಅಗತ್ಯವೆನ್ನಲಾರೆ.

ಆದ್ದರಿಂದ ನನ್ನ ತೀರ್ಪು ಹಳೆಯ ಪೀಳಿಗೆಯ ಪರ. ಸ್ಟೆಬಿಲೈಸರ್ ಇಲ್ಲದ ಕ್ಯಾನನ್ 100 ಮಿ.ಮೀ. (2000ದ್ದು), ಟ್ಯಾಮ್ರಾನ್ 90 ಮಿ.ಮೀ. 272ಇ, ಟೋಕಿನಾ 100 ಮಿ.ಮೀ., ಇವುಗಳಲ್ಲಿ ನಿಮ್ಮ ಕ್ಯಾಮೆರಾಗೆ ಒಗ್ಗುವ ಯಾವುದಾದರೊಂದು, ಸೆಕೆಂಡ್‌ಹ್ಯಾಂಡ್. ಮೂರರಲ್ಲಿ ಕ್ಯಾನನ್ನಿಗೆ ಒಂದು ಮೇಲುಗೈ ಇದೆ: ಫೋಕಸ್ ಮಾಡುವಾಗ ಅದರ ಕೊಳವೆ ಮುಂದಕ್ಕೆ ಚಾಚುವುದಿಲ್ಲ. ಟ್ಯಾಮ್ರಾನ್, ಟೋಕಿನಾಗಳು ಚಾಚುತ್ತವೆ. ಅಂಜುಬುರುಕ ಹುಳುವಿಗೆ ಅದು ತನ್ನತ್ತ ಬರುವ ಸೊಂಡಿಲು. ಅವುಗಳ ಆಟೊಫೋಕಸ್ ನಿಧಾನ, ಗಲಾಟೆ. ಅದಕ್ಕೆ ಅಳಬೇಕಿಲ್ಲ. ಇಷ್ಟು ಹತ್ತಿರದಲ್ಲಿ ಅನುಭವಿಗಳು ಪ್ರಮಾಣವನ್ನು ಒಮ್ಮೆ ನಿಗದಿ ಮಾಡಿಕೊಂಡು, ಮೈಯನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡುತ್ತ ಕಣ್ಣು ಹೊಳೆದ ಗಳಿಗೆಯಲ್ಲಿ ಗುಂಡಿ ಒತ್ತುತ್ತಾರೆ. ಮಿರರ್‌ಲೆಸ್ ಕ್ಯಾಮೆರಾ ಹಿಡಿದು, ಹತ್ತಾರು ಚಿತ್ರಗಳನ್ನು ತಾನೇ ಪದರಪದರವಾಗಿ ತೆಗೆಯುವ ಫೋಕಸ್ ಬ್ರಾಕೆಟಿಂಗ್ ಬೇಕೆನ್ನುವವರು ಮಾತ್ರ ಅದೇ ಕಂಪನಿಯ ಹೊಸ ಲೆನ್ಸಿನತ್ತ ನೋಡಬೇಕು. 2021ರಲ್ಲಿ ಬಂದ ಕ್ಯಾನನ್ ಆರ್‌ಎಫ್ 100, ನಿಕಾನ್ ಜೆಡ್ 105 ಎರಡೂ ಅದ್ಭುತವೇ, ಕ್ಯಾನನ್ನಿನದು 1.4 ಪಟ್ಟಿಗೂ ಹೋಗುತ್ತದೆ. ಆದರೆ ಲಕ್ಷದ ಆಸುಪಾಸಿನ ಲೆನ್ಸನ್ನು ಮೊದಲ ಲೆನ್ಸ್ ಎಂದು ಕರೆಯಲು ನನಗೆ ನಾಲಗೆ ಏಳುವುದಿಲ್ಲ.

ಸೆಕೆಂಡ್‌ಹ್ಯಾಂಡ್ ಕೊಳ್ಳುವಾಗ ಲೆನ್ಸ್ ಎಲ್ಲಿ ಮಳೆಗಾಲ ಕಳೆದಿದೆ ಎಂದು ವಿಚಾರಿಸಿ. ತ್ರ್ಯಂಬಕ, ಇಗತಪುರಿ ಕಡೆಯ ನಾಲ್ಕು ತಿಂಗಳ ತೇವದಲ್ಲಿ ಕಪಾಟಿನಲ್ಲಿ ಮಲಗಿದ ಗಾಜಿಗೆ ಬೂಷ್ಟು ಹಿಡಿಯುವುದು ಸುಲಭ. ಮಲೆನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೊಬೈಲ್ ಟಾರ್ಚನ್ನು ಹಿಂದಿನಿಂದ ಓರೆಯಾಗಿ ಹಾಯಿಸಿದರೆ ಜೇಡರಬಲೆಯಂಥ ಎಳೆ ಕಾಣುತ್ತದೆ. ಮರಾಠವಾಡದ ಒಣಹವೆಯಲ್ಲಿ ಆ ಭಯ ಕಡಿಮೆ, ಧೂಳಿನದು ಹೆಚ್ಚು. ಒಳಗಿನ ನಾಲ್ಕು ಧೂಳುಕಣಕ್ಕೆ ಚಿತ್ರ ಕೆಡುವುದಿಲ್ಲ, ಬೆಲೆ ಮಾತ್ರ ಇಳಿಸಬಹುದು.

ಉಳಿದ ದುಡ್ಡು ಬೆಳಕಿಗೆ. ಒಂದು ಅಗ್ಗದ ಮ್ಯಾನ್ಯುಯಲ್ ಫ್ಲ್ಯಾಶ್. ಅದರ ಮುಂದೆ ಬಟರ್‌ಪೇಪರೋ ತೆಳು ಬಿಳಿ ಫೋಮ್ ಹಾಳೆಯೋ ಬಗ್ಗಿಸಿ, ಲೆನ್ಸಿನ ಮೂತಿಯ ಮೇಲೆ ಚಪ್ಪರದಂತೆ ಬರುವ ಮನೆಯಲ್ಲೇ ಮಾಡಿದ ಡಿಫ್ಯೂಸರ್. ರಿಂಗ್ ಫ್ಲ್ಯಾಶ್ ಬೇಡ: ಎಲ್ಲ ಕಡೆಯಿಂದ ಸಮನಾಗಿ ಬೀಳುವ ಆ ಬೆಳಕು ಹುಳುವನ್ನು ಪಾಸ್‌ಪೋರ್ಟ್ ಫೋಟೊ ಮಾಡಿಬಿಡುತ್ತದೆ, ಹೊಳೆಯುವ ಚಿಪ್ಪಿನ ಮೇಲೆ ಬಳೆಯಂಥ ಪ್ರತಿಬಿಂಬ ಬೇರೆ. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ (1932–2017) ಫಿಲ್ಮಿನ ಕಾಲದಲ್ಲಿ, ತೆಗೆದದ್ದನ್ನು ಆ ಕ್ಷಣವೇ ತೆರೆಯ ಮೇಲೆ ನೋಡುವ ಭಾಗ್ಯವಿಲ್ಲದಾಗ, ಕೀಟ ಮತ್ತು ರಾತ್ರಿಜೀವಿಗಳನ್ನು ಫ್ಲ್ಯಾಶಿನಿಂದ ಬೆಳಗಿದವರು. ಆ ಚಿತ್ರಗಳಲ್ಲಿ ಇಂದಿಗೂ ಕಲಿಯುವುದಿದ್ದರೆ ಅದು ಬೆಳಕಿನ ಲೆಕ್ಕ. ಅವರ ಕಾಲದ ಲೆನ್ಸುಗಳನ್ನು ಇಂದಿನ ಪಟ್ಟಿಗಳಲ್ಲಿ ಇಟ್ಟರೆ ಪಾಸಾಗುವುದೂ ಕಷ್ಟ. ನಾಸಿಕ್‌ನವರಿಗೆ ಇನ್ನೂ ಹಳೆಯ ಉದಾಹರಣೆಯಿದೆ. ಪಾಂಡವಲೇಣಿ ಬೆಟ್ಟದ ಬುಡದಲ್ಲಿ ಸ್ಮಾರಕವಿರುವ ದಾದಾಸಾಹೇಬ್ ಫಾಲ್ಕೆ ತ್ರ್ಯಂಬಕದಲ್ಲಿ ಹುಟ್ಟಿದವರು. 'ರಾಜಾ ಹರಿಶ್ಚಂದ್ರ'ಕ್ಕೆ ಬಂಡವಾಳ ಹುಡುಕುವ ಮುನ್ನ ಕುಂಡದಲ್ಲಿ ಬಟಾಣಿ ಬಿತ್ತಿ, ಕ್ಯಾಮೆರಾ ಕದಲಿಸದೆ ದಿನಕ್ಕೊಂದು ಫ್ರೇಮಿನಂತೆ ಮೊಳಕೆಯನ್ನು ಚಿತ್ರಿಸಿ 'ಅಂಕುರಾಚಿ ವಾಢ' ಮಾಡಿದರು. ಒಂದು ಕುಂಡದ ಮುಂದೆ ತಿಂಗಳಿಗೂ ಹೆಚ್ಚು ಕಾಲ ಬೆಳಕು ಕಾಯ್ದುಕೊಂಡವರು ಹಣ ಹೂಡುವವರನ್ನು ಒಪ್ಪಿಸಿದ್ದು ಆ ಪುಟ್ಟ ಚಿತ್ರದಿಂದ.

ಹೆಚ್ಚು ವರ್ಧನೆಯ ಲೆನ್ಸುಗಳ ಬಗ್ಗೆ ಚುಟುಕಾಗಿ. ದ್ರಾಕ್ಷಿ ಬೆಳೆಗಾರರ ನಿದ್ದೆ ಕೆಡಿಸುವ ಥ್ರಿಪ್ಸ್ ನುಸಿ ಒಂದು ಮಿ.ಮೀ. ಆಸುಪಾಸಿನದು, ಜೀವಗಾತ್ರದಲ್ಲಿ ತೆಗೆದರೆ ಚೌಕಟ್ಟಿನ ಅಗಲದಲ್ಲಿ ಮೂವತ್ತಾರನೇ ಒಂದು ಪಾಲು, ಒಂದು ಕಸದ ಕಣ. ಅದಕ್ಕೆ ಕ್ಯಾನನ್ 1999ರಲ್ಲಿ ತಂದ, ಒಂದರಿಂದ ಐದು ಪಟ್ಟಿನ ಎಂಪಿ-ಇ 65 ಅಥವಾ ಲಾವೊವಾ ಹೆಸರಿನ ಲೆನ್ಸುಗಳು ಬೇಕು. ಲಾವೊವಾದ ಎರಡು ಪಟ್ಟಿನ 100 ಮಿ.ಮೀ. ಒಳ್ಳೆಯ ಗಾಜು, ಬೆಲೆಯೂ ಆಮಿಷದ್ದೇ. ಆದರೆ ಎರಡು ಪಟ್ಟಿಗೆ ಏರಿದೊಡನೆ ಎಫ್/11ರಲ್ಲಿ ಫೋಕಸಿನ ಆಳ ಅರ್ಧ ಮಿ.ಮೀ.ಗೆ ಇಳಿಯುತ್ತದೆ, ಬೆಳಕು ಎಫ್/33ಕ್ಕೆ ಸಮ. ಜೀವಗಾತ್ರದಲ್ಲೇ ತಡಕಾಡುವ ಕೈಗೆ ಇದು ಉತ್ಸಾಹ ಕೊಲ್ಲುವ ಮಾರ್ಗ. ಎರಡನೇ ಲೆನ್ಸಾಗಿ ಬರಲಿ.

ಮೊದಲ ಮ್ಯಾಕ್ರೋ ಲೆನ್ಸ್ ಪೂರ್ಣ ಲೆನ್ಸೇ ಆಗಬೇಕೆಂದೂ ಇಲ್ಲ. ರೇನಾಕ್ಸ್ ಡಿಸಿಆರ್-250 ಎಂಬ ಸಣ್ಣ ಬಿಲ್ಲೆ, 52ರಿಂದ 67 ಮಿ.ಮೀ. ಫಿಲ್ಟರ್ ಅಳತೆಯ ಯಾವ ಲೆನ್ಸಿನ ಮೂತಿಗೂ ಚಿಮಟದಂತೆ ಕಚ್ಚಿಕೊಳ್ಳುತ್ತದೆ. ಅದರ ಶಕ್ತಿ 8 ಡಯಾಪ್ಟರ್, ಅಂದರೆ ನಾಭಿದೂರ 125 ಮಿ.ಮೀ. ಕಿಟ್ ಜೊತೆ ಬರುವ 55–250 ಜೂಮನ್ನು 125ರಲ್ಲಿ, ಫೋಕಸನ್ನು ಅನಂತದಲ್ಲಿ ಇಟ್ಟರೆ ಜೀವಗಾತ್ರ ಸಿಕ್ಕಿತು; ಜೂಮ್ ಮಾಡಿದರೆ ಇನ್ನೂ ಮೇಲೆ. ಮೂತಿಯಿಂದ ಹುಳುವಿಗೆ ಸುಮಾರು 12 ಸೆಂ.ಮೀ., ದುಬಾರಿ ಲೆನ್ಸುಗಳು ಕೊಡುವ ಅದೇ ಚೋಟು! ಚಿತ್ರದ ಅಂಚು ಮೆದುವಾಗುತ್ತದೆ, ಬಿಲ್ಲೆ ತೆಗೆಯದೆ ದೂರದ್ದೇನೂ ಕಾಣದು, ಚಿಟ್ಟೆಗೂ ಇರುವೆಗೂ ನಡುವೆ ಸಲೀಸಾಗಿ ಹಾರಲು ಆಗದು. ಹೀಗಿದ್ದರೂ 55–250 ಇರುವವರು ಒಂದು ಮಳೆಗಾಲ ಈ ಬಿಲ್ಲೆ ಮತ್ತು ಫ್ಲ್ಯಾಶಿನೊಡನೆ ಕಳೆದರೆ, ತಮಗೆ ಬೇಕಾದದ್ದು ಚಿಟ್ಟೆಯೋ ಇರುವೆಯೋ ಎಂಬುದು ತಾನಾಗಿ ಇತ್ಯರ್ಥವಾಗುತ್ತದೆ. ಎಕ್ಸ್‌ಟೆನ್ಶನ್ ಟ್ಯೂಬಿನ ಬಗ್ಗೆ ನನಗೆ ಅಷ್ಟು ಒಲವಿಲ್ಲ: 50 ಮಿ.ಮೀ. ಲೆನ್ಸಿಗೆ ಹಾಕಿದರೆ ವರ್ಧನೆ ಬರುತ್ತದೆ, ದೂರ ಮಾತ್ರ ಮತ್ತೆ ಕೆಲವು ಬೆರಳುಗಳಿಗೆ ಇಳಿಯುತ್ತದೆ.

ಫ್ಲ್ಯಾಶ್ ಬೇಡವೆನ್ನುವ ಹಟವಾದಿಗಳಿಗೆ ನಿಫಾಡ್ ಒಂದು ಅವಕಾಶ ಇಟ್ಟಿದೆ. ಡಿಸೆಂಬರ್–ಜನವರಿಯಲ್ಲಿ ಅಲ್ಲಿ ಉಷ್ಣಾಂಶ ಹತ್ತು ಡಿಗ್ರಿಗಿಂತ ಕೆಳಗಿಳಿಯುವುದು ಸಾಮಾನ್ಯ. ತಣ್ಣನೆಯ ರಕ್ತದ ಜೀವಿಗಳು ಬಿಸಿಲೇರುವವರೆಗೆ ಇಬ್ಬನಿ ಹೊತ್ತು ಮರಗಟ್ಟಿ ಕೂತಿರುತ್ತವೆ. ಟ್ರೈಪಾಡ್, ನಿಧಾನದ ಶಟರ್, ಹಲವು ಪದರದ ಚಿತ್ರ ಎಲ್ಲವೂ ಆಗ ಸಾಧ್ಯ. ಇದೇ ಮರಗಟ್ಟುವಿಕೆಯನ್ನು ಫ್ರಿಜ್ಜಿನಲ್ಲಿ ತಯಾರಿಸಿ, ಹುಳುವನ್ನು ಕಡ್ಡಿಯ ಮೇಲೆ ಜೋಡಿಸಿ 'ಮುಂಜಾವಿನ ಬೆಳಕು' ಎಂದು ಹೆಸರಿಡುವ ಚಾಳಿಯೂ ಇದೆ. ಲೆನ್ಸಿನ ವಿಮರ್ಶೆಯಲ್ಲಿ ಇದು ಯಾಕೆ ಎನ್ನಬಹುದು. ಮೂರೂವರೆ ಸೆಂ.ಮೀ. ದೂರದ ಲೆನ್ಸ್ ಕೊಂಡು ಬದುಕಿರುವ ಹುಳುವಿನ ಹತ್ತಿರ ಹೋಗಲಾಗದವರೇ ಬಹುಬೇಗ ಫ್ರಿಜ್ಜಿನ ಬಾಗಿಲು ತೆರೆಯುವುದು.

ನಾಸಿಕ್ ಬಳಿಯ ಅಂಜನೇರಿ ಬೆಟ್ಟದ ಮೇಲಿನ ಬಯಲಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಆ ಬೆಟ್ಟದ ಹೆಸರನ್ನೇ ಹೊತ್ತ ಸೆರೊಪೆಜಿಯಾ ಅಂಜನೆರಿಕಾ ಎಂಬ ಗಿಡ ಅಳಿವಿನ ಅಂಚಿನಲ್ಲಿದೆ. ಸೆರೊಪೆಜಿಯಾ ಕುಲದ ಹೂಗಳು ತಮ್ಮ ಕೊಳವೆಯೊಳಗೆ ಪುಟ್ಟ ನೊಣಗಳನ್ನು ಕೂಡಿಹಾಕಿಕೊಂಡು ಪರಾಗ ಹೊರಿಸಿ ಬಿಡುತ್ತವೆ. ಮ್ಯಾಕ್ರೋ ಹಿಡಿದವರಿಗೆ ಇದಕ್ಕಿಂತ ದೊಡ್ಡ ಸೆಳೆತವಿಲ್ಲ, ಹೊಟ್ಟೆಯ ಮೇಲೆ ಮಲಗಿ ಕೋನ ಹುಡುಕುವ ಮೈಯಡಿ ನಾಲ್ಕು ಸಸಿ ಹೋಗಲು ಒಂದು ನಿಮಿಷ ಸಾಕು. ಅಲ್ಲಿ ಕಾಲುದಾರಿಯಲ್ಲೇ ನಿಂತು ಟೆಲಿಯಲ್ಲಿ ಸಿಕ್ಕಷ್ಟು ಸಾಕು.

ಇನ್ನು ತೆಗೆದ ಚಿತ್ರದಿಂದ ಆಗಬೇಕಾದದ್ದೇನು ಎಂಬುದೂ ಲೆನ್ಸನ್ನು ನಿರ್ಧರಿಸುತ್ತದೆ. ಹೊಸ ಮ್ಯಾಕ್ರೋ ಕೈಗೆ ಬಂದವರೆಲ್ಲ ಮೊದಲ ವರ್ಷ ಕಣ್ಣಿನ ಚಿತ್ರ ತೆಗೆಯುತ್ತಾರೆ: ಸಂಯುಕ್ತ ಕಣ್ಣಿನ ಷಟ್ಕೋನ, ಉಳಿದದ್ದೆಲ್ಲ ಬಣ್ಣದ ಹೊಗೆ. ನೋಡಿದವರು ವಾಹ್ ಎನ್ನುತ್ತಾರೆ, ಯಾವ ಹುಳು ಎಂದು ಕೇಳಿದರೆ ತೆಗೆದವರಿಗೂ ಗೊತ್ತಿರುವುದಿಲ್ಲ. ಕೀಟತಜ್ಞರಿಗೆ ಬೇಕಾದದ್ದು ಪಕ್ಕದಿಂದ ಒಂದು, ಬೆನ್ನಿನಿಂದ ಒಂದು, ರೆಕ್ಕೆಯ ನರಗಳು ಕಾಣುವಂತೆ, ಕೂತ ಗಿಡವೂ ಗುರುತಾಗುವಂತೆ. ಗೌತಾಳಾ ಅಭಯಾರಣ್ಯದ ಕುರುಚಲಲ್ಲೋ ಸಂಭಾಜಿನಗರದ ಹಿಮಾಯತ್‌ಬಾಗಿನ ಹಳೆಯ ಮರಗಳಡಿಯಲ್ಲೋ ತೆಗೆದ ಅಂಥ ಒಂದು ಸಪ್ಪೆ ಚಿತ್ರ ದಾಖಲೆಯಾಗುತ್ತದೆ, ನೂರು ಕಣ್ಣುಗಳ ಚಿತ್ರ ಆಗುವುದಿಲ್ಲ. ಅದಕ್ಕೆ ಹೆಚ್ಚಿನ ಸಲ 1:3 ಸಾಕು, ಎಫ್/8 ಸಾಕು, ಮಬ್ಬಾದ ಹಳೆಯ 90 ಮಿ.ಮೀ. ಸಾಕು. ಹುಳುವಿನ ಮಟ್ಟಕ್ಕೆ ಇಳಿದು ಸೆನ್ಸರನ್ನು ಅದರ ಮೈಗೆ ಸಮಾನಾಂತರವಾಗಿ ಹಿಡಿಯಲು ಕೆಸರಿಗೆ ಹೆದರದ ಒಂದು ಪ್ಯಾಂಟು ಮಾತ್ರ ಬೇರೆ ಹೊಲಿಸಬೇಕು.